ಮುಗಿಯಿತು ಎಂದವರಿಗೆ ಮುಂದಿನದು

ನಮ್ಮ ಅಣ್ಣನ ಬಗ್ಗೆ ಹೊಗಳಿಕೆ ಬೇಕಿದ್ದವರು ಅವನನ್ನೇ ಕೇಳಬೇಕು. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ನಾನು ಅವನ ತಂಗಿ, ಹತ್ತಿರದಿಂದ ಕಂಡವಳು, ನನ್ನಿಂದ ಅಂಥದ್ದು ಬರುವುದಿಲ್ಲ. ಅವನು ಬದುಕಿನಲ್ಲಿ ಮಾಡಿದ್ದು ಒಂದೇ, ಬೇರೆಯವರಿಗೆ ಕೆಲಸ ಹಂಚಿದ್ದು. ಅದಕ್ಕೆ ಅವನಿಗೆ ಸಂಬಳ ಕೊಡುತ್ತಾರೆ, ತಿರುಗುವ ಕುರ್ಚಿ ಕೊಟ್ಟಿದ್ದಾರೆ, ಕತ್ತಿಗೆ ನೇತುಹಾಕಿಕೊಳ್ಳಲು ಫೋಟೋ ಇರುವ ಕಾರ್ಡು ಕೊಟ್ಟಿದ್ದಾರೆ. ಆ ಕಾರ್ಡನ್ನು ಅವನು ಭಾನುವಾರವೂ ತೆಗೆಯುವುದಿಲ್ಲ.

ಚಿಕ್ಕಂದಿನಿಂದಲೂ ಇದೇ ಚಾಳಿ. ನಾವು ಮೂವರು ಮಕ್ಕಳು: ಅಣ್ಣ, ನಾನು, ತಮ್ಮ. ಊಟವಾದ ಮೇಲೆ ಪಾತ್ರೆ ತೊಳೆಯುವುದು ಮೂವರ ಪಾಲಿನ ಕೆಲಸ ಎಂದು ಅಮ್ಮ ಹೇಳಿದ್ದಳು. ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದ. "ನೀನು ಅದನ್ನ ತಗೋ, ಅವನು ಇದನ್ನ ತಗೊಳ್ಲಿ. ಯಾರದ್ದು ಮೊದಲು ಮುಗಿಯುತ್ತೋ ಅವರಿಗೆ ಮುಂದಿನದು." ನೀನೇನು ಮಾಡ್ತೀಯ ಎಂದು ಕೇಳಿದರೆ, "ನಾನು ನೋಡ್ಕೋತೀನಿ" ಎನ್ನುತ್ತಿದ್ದ. ನಾನು ತಳ ಹತ್ತಿದ ಪಾತ್ರೆಯೊಂದನ್ನು ಹಿಡಿದು ಉಜ್ಜುತ್ತಾ ಕೂತಿರುತ್ತಿದ್ದೆ. ತಮ್ಮ ಲೋಟ, ತಟ್ಟೆ, ಚಮಚ ಎಲ್ಲವನ್ನೂ ಬಕೆಟ್ಟಿನಲ್ಲಿ ಒಂದು ಸಲ ಅದ್ದಿ ಎತ್ತಿ "ಆಯ್ತು" ಎನ್ನುತ್ತಿದ್ದ. ಅಣ್ಣ ಅವನ ಬೆನ್ನು ತಟ್ಟಿ ಇನ್ನೊಂದಷ್ಟು ಕೊಡುತ್ತಿದ್ದ. ನನ್ನ ಕಡೆ ತಿರುಗಿ, "ನೋಡು, ನಿನಗಿಂತ ಚಿಕ್ಕವನು" ಎನ್ನುತ್ತಿದ್ದ. ನಾವು ಮಲಗಿದ ಮೇಲೆ ಅಮ್ಮ ತಮ್ಮನ ಪಾಲಿನ ಪಾತ್ರೆಗಳನ್ನೆಲ್ಲ ಮತ್ತೆ ತೊಳೆಯುತ್ತಿದ್ದಳು. ಆ ಎರಡನೇ ತೊಳೆಯುವಿಕೆ ಅಣ್ಣನ ಲೆಕ್ಕಕ್ಕೆ ಒಂದು ದಿನವೂ ಬರಲಿಲ್ಲ.

ಇಂಥವನಿಗೆ ದೊಡ್ಡವನಾದ ಮೇಲೆ ಇದೇ ಕೆಲಸಕ್ಕೆ ಸಂಬಳ ಕೊಡುವ ಜಾಗವೊಂದು ಸಿಕ್ಕಿತಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನ ಕಂಪನಿಯ ವ್ಯಾಪಾರ ಸುಲಭವಾಗಿ ಹೇಳುವಂಥದ್ದು. ಯಾರದ್ದಾದರೂ ಒಂದು ದೈತ್ಯ ಲೆಕ್ಕ ಇರುತ್ತದೆ. ಹವಾಮಾನದವರದ್ದಿರಬಹುದು, ಔಷಧಿ ಹುಡುಕುವವರದ್ದಿರಬಹುದು, ಕಾರ್ಟೂನ್ ಸಿನಿಮಾ ಮಾಡುವವರದ್ದಿರಬಹುದು. ಒಂದು ಕಂಪ್ಯೂಟರಿಗೆ ಕೊಟ್ಟರೆ ಅದು ವರ್ಷಗಟ್ಟಲೆ ತಿಣುಕಾಡುತ್ತದೆ. ಹಾಗಾಗಿ ಆ ಲೆಕ್ಕವನ್ನು ಸಾವಿರಾರು ತುಂಡು ಮಾಡಿ, ಬೇರೆಬೇರೆ ಊರುಗಳಲ್ಲಿ ಇಟ್ಟಿರುವ, ಒಂದಕ್ಕೊಂದು ಜೋಡಿಸಿದ ನೂರಾರು ಯಂತ್ರಗಳಿಗೆ ಒಂದೊಂದು ತುಂಡು ಕೊಡುತ್ತಾರೆ. ಎಲ್ಲವೂ ತಮ್ಮ ತಮ್ಮ ತುಂಡು ಮುಗಿಸಿ ಕಳಿಸಿದ ಮೇಲೆ ಅವನ್ನು ಒಟ್ಟು ಸೇರಿಸುತ್ತಾರೆ. ಯಾವ ತುಂಡು ಯಾವ ಯಂತ್ರಕ್ಕೆ, ಯಾವಾಗ, ಎನ್ನುವುದನ್ನು ತೀರ್ಮಾನಿಸುವ ಪ್ರೋಗ್ರಾಮ್ ಒಂದಿರುತ್ತದೆ. ಅದನ್ನು ಬರೆದು ಸಾಕುವವನು ನಮ್ಮ ಅಣ್ಣ. ಅಂದರೆ ಮತ್ತದೇ, ಬಾಗಿಲಲ್ಲಿ ನಿಂತು ನೋಡಿಕೊಳ್ಳುವುದು.

ಒಮ್ಮೆ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ. ಕಿಟಕಿಯಿಲ್ಲದ ಹಾಲ್. ಬೀರುಗಳ ಸಾಲು, ಒಂದೊಂದು ಬೀರುವಿನಲ್ಲೂ ಅಡುಕಿಟ್ಟ ಯಂತ್ರಗಳು, ಕಿವಿ ಕಿವುಡಾಗುವಂಥ ಫ್ಯಾನಿನ ಸದ್ದು. ನೆಲದ ಹಲಗೆಗಳ ಸಂದಿನಿಂದ ಥಂಡಿ ಗಾಳಿ ಸೀರೆಯೊಳಗೆ ನುಗ್ಗುತ್ತಿತ್ತು. ಅಮ್ಮ ಸೆರಗನ್ನು ಕಿವಿಗೆ ಸುತ್ತಿಕೊಂಡು, "ಇಷ್ಟು ಚಳೀಲಿ ಇವು ಕೆಲಸ ಬೇರೆ ಮಾಡ್ತಾವಾ, ಪಾಪ" ಎಂದಳು. ಪಕ್ಕದ ಕೋಣೆಯ ಗೋಡೆಯ ತುಂಬ ಒಂದು ಸ್ಕ್ರೀನ್. ಒಂದೊಂದು ಯಂತ್ರಕ್ಕೂ ಒಂದೊಂದು ಚೌಕ. ಕೆಲಸ ಮಾಡುತ್ತಿದ್ದರೆ ಹಸಿರು, ಸುಮ್ಮನೆ ಕೂತಿದ್ದರೆ ಹಳದಿ. ಅಣ್ಣ ಅಲ್ಲಿ ನಿಂತು ಹಳದಿ ಚೌಕಗಳನ್ನು ಬೆರಳು ಮಾಡಿ ತೋರಿಸುತ್ತಾ ಹಲ್ಲು ಕಡಿಯುತ್ತಿದ್ದ. ಅವನಿಗೆ ಖಾಲಿ ಕೂತ ಯಂತ್ರ ಕಂಡರೆ ಆಗುವುದಿಲ್ಲ. ತಾನು ಅಷ್ಟು ಹೊತ್ತು ಖಾಲಿ ನಿಂತಿದ್ದು ಅವನಿಗೆ ಕಾಣಲಿಲ್ಲ.

ಅವನ ದೊಡ್ಡ ಸಾಧನೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಕಿಚ್ಚು ಎಂದಾರು. ಅವನು ಸೇರುವ ಮೊದಲು ತುಂಡುಗಳನ್ನು ಸರದಿಯ ಪ್ರಕಾರ ಹಂಚುತ್ತಿದ್ದರಂತೆ, ಎಲ್ಲರಿಗೂ ಸಮ. ಆದರೆ ಯಂತ್ರಗಳೆಲ್ಲ ಒಂದೇ ಸಮ ಅಲ್ಲ. ಹಳೆಯವು ತೆವಳುತ್ತವೆ, ಹೊಸವು ಓಡುತ್ತವೆ. ಕೊನೆಯ ತುಂಡು ಬರುವ ತನಕ ಲೆಕ್ಕ ಪೂರ್ತಿಯಾಗುವುದಿಲ್ಲವಾದ್ದರಿಂದ, ಒಂದು ಹಳೆಯ ಯಂತ್ರಕ್ಕಾಗಿ ನೂರು ಹೊಸ ಯಂತ್ರಗಳು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವು. ಅಣ್ಣ ಆ ಪದ್ಧತಿಯನ್ನು ಕಿತ್ತುಹಾಕಿದ. ಸರದಿ ಬೇಡ, ಯಾರು "ಮುಗಿಯಿತು" ಎನ್ನುತ್ತಾರೋ ಅವರಿಗೇ ಮುಂದಿನ ತುಂಡು. ಬಹಳ ಹೊತ್ತು ಉತ್ತರ ಕೊಡದವರನ್ನು ಪಟ್ಟಿಯಿಂದ ಕೈಬಿಡುವುದು. ಇಷ್ಟರ ಮಟ್ಟಿಗೆ ತಲೆಯಿದ್ದ ಮಾತೇ, ನಾನೇನೂ ಅಲ್ಲಗಳೆಯುವುದಿಲ್ಲ. ಕೆಲಸ ನಿಜವಾಗಿಯೂ ಬೇಗ ಆಗತೊಡಗಿತು. ಕಂಪನಿಯವರು ಅವನಿಗೆ ಗಾಜಿನದೊಂದು ಫಲಕ ಕೊಟ್ಟರು. ಅವನು ಅದನ್ನು ಮನೆಗೆ ತಂದು ಫ್ರಿಜ್ಜಿನ ಮೇಲೆ ಇಟ್ಟ. ನೀರಿನ ಬಾಟಲಿ ತೆಗೆಯಲು ಹೋದವರೆಲ್ಲ ಅದನ್ನು ಓದಿಯೇ ತೆಗೆಯಬೇಕು. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮದುವೆಯ ಮಾತೂ ಒಮ್ಮೆ ಬಂದಿತ್ತು. ಗಣಿತದ ಟೀಚರಾಗಿದ್ದ ಹೆಣ್ಣುಮಗಳು, ನೋಡಿದರೆ ಗೌರವ ಬರುವಂಥವಳು. ಇಬ್ಬರೂ ಹೋಟೆಲಿನಲ್ಲಿ ಭೇಟಿಯಾದರು. ನೀವು ಏನು ಕೆಲಸ ಮಾಡ್ತೀರಿ ಎಂದು ಆಕೆ ಮರ್ಯಾದೆಗೆ ಕೇಳಿದ್ದೇ ತಪ್ಪಾಯಿತು. ಅಣ್ಣ ಮೇಜಿನ ಮೇಲಿದ್ದ ಚಮಚ, ಲೋಟ, ಉಪ್ಪಿನ ಡಬ್ಬಿಗಳನ್ನೆಲ್ಲ ಯಂತ್ರ ಮಾಡಿ, ಸಕ್ಕರೆಯ ಪೊಟ್ಟಣಗಳನ್ನು ತುಂಡು ಮಾಡಿ, ಪಕ್ಕದ ಮೇಜಿನಿಂದಲೂ ನಾಲ್ಕು ಚಮಚ ಎರವಲು ತಂದು ಆಕೆಗೆ ತಲೆ ಚಿಟ್ಟು ಹಿಡಿಸಿದ. ಇಬ್ಬರ ಟೀ ಆರಿ ತಣ್ಣಗಾಯಿತು. ಆಕೆ ಯೋಚಿಸಿ ಹೇಳುತ್ತೇನೆ ಎಂದು ಹೋದವಳು ಒಬ್ಬ ಹಲ್ಲಿನ ಡಾಕ್ಟರನ್ನು ಮದುವೆಯಾದಳು. "ಆಕೆ ಉತ್ತರ ಕೊಡೋದು ಬಹಳ ನಿಧಾನ, ಬಿಟ್ಟಾಕಿದೆ" ಎಂದು ಅಣ್ಣ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ.

ಹೀಗೆ ಅವನ ಪಾಡಿಗೆ ಅವನನ್ನು ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಮ್ಮನ ಕಣ್ಣಿನ ವಿಷಯ ಬಂತು ನೋಡಿ, ಅಲ್ಲಿಂದ ನನ್ನ ತಾಳ್ಮೆ ಮುಗಿಯಿತು.

ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ಅವಳಿಗಿದ್ದ ಒಂದೇ ಚಟ ಪತ್ತೇದಾರಿ ಕಾದಂಬರಿ. ಲೈಬ್ರರಿಯಿಂದ ಚೀಲ ತುಂಬ ತಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಒಂದರ ಹಿಂದೆ ಒಂದು ಮುಗಿಸುತ್ತಿದ್ದಳು. ಕೊಲೆ ಮಾಡಿದವನು ಯಾರೆಂದು ಅರ್ಧ ಪುಸ್ತಕಕ್ಕೇ ಗೊತ್ತಾಗಿದ್ದರೂ, ಬರೆದವರಿಗೆ ಬೇಜಾರಾಗಬಾರದೆಂಬಂತೆ ಕೊನೆಯವರೆಗೂ ಓದುತ್ತಿದ್ದಳು. ಹೊಸ ಕನ್ನಡಕ ಮಾಡಿಸಲು ಹೋದಾಗ ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ಎಡಗಣ್ಣಿಗೆ ಆಗಲೇ ಪೆಟ್ಟಾಗಿದೆ ಎಂದರು. ನಾವು ಮೂವರು ಮಕ್ಕಳೂ ಆವತ್ತು ಅಲ್ಲೇ ಇದ್ದೆವು. "ಇದರಲ್ಲಿ ನೋವಿರಲ್ಲ, ಗೊತ್ತೇ ಆಗಲ್ಲ. ಅಂಚಿನಿಂದ ಸ್ವಲ್ಪ ಸ್ವಲ್ಪವೇ ಹೋಗುತ್ತೆ. ಹೋಗಿದ್ದು ವಾಪಸ್ ಬರಲ್ಲ. ಬೆಳಿಗ್ಗೆ ಒಂದು ಹನಿ, ರಾತ್ರಿ ಒಂದು ಹನಿ, ಎರಡು ಕಣ್ಣಿಗೂ ತಪ್ಪದೆ ಹಾಕಿದ್ರೆ ಈಗಿರೋ ದೃಷ್ಟಿ ಉಳಿಯುತ್ತೆ. ಇವರ ಕೈ ನಡುಗುತ್ತೆ, ಇವರೇ ಹಾಕ್ಕೊಳ್ಳೋದು ಬೇಡ, ನೀವು ಯಾರಾದ್ರೂ ಹಾಕಿ." ಡಾಕ್ಟರಮ್ಮ ಇದನ್ನು ಎರಡು ಸಲ ಹೇಳಿದರು. ಇಷ್ಟೇ ವಿಷಯ. ಎರಡು ಹೊತ್ತು, ಒಂದೊಂದು ಹನಿ.

ನಮ್ಮ ಅಣ್ಣನಿಗೆ ಇಷ್ಟೇ ವಿಷಯ ಇಷ್ಟೇ ಆಗಿದ್ದರೆ ಸಮಾಧಾನವಿಲ್ಲ. ಆ ವಾರವೇ ಅವನು ಮನೆಗೆಂದು ಒಂದು ಆ್ಯಪ್ ಬರೆದ. ಅಮ್ಮ, ಅಣ್ಣ, ತಮ್ಮ ಒಂದೇ ಫ್ಲ್ಯಾಟಿನಲ್ಲಿರುವವರು. ನಾನು ಮದುವೆಯಾಗಿ ಊರಿನ ಆ ತುದಿಯಲ್ಲಿ ಎರಡು ಬಸ್ಸು ದೂರದಲ್ಲಿರುವವಳು. ಮಕ್ಕಳು ಮೂವರ ಫೋನಿಗೂ ಆ್ಯಪ್ ಹಾಕಿಕೊಟ್ಟ. ಮನೆಯ ಕೆಲಸಗಳೆಲ್ಲ ಅದರಲ್ಲಿ ಬರುತ್ತವೆ: ಅಮ್ಮನಿಗೆ ಡ್ರಾಪ್ಸ್ ಹಾಕುವುದು, ಹೊಸ ಬಾಟಲಿ ತರುವುದು, ಡಾಕ್ಟರ ಹತ್ತಿರ ಕರೆದೊಯ್ಯುವುದು, ಲೈಬ್ರರಿಯ ಪುಸ್ತಕ ಬದಲಾಯಿಸುವುದು. ಕೆಲಸ ಬಂದಾಗ ಮಾಡಿ ಗುಂಡಿ ಒತ್ತಬೇಕು, ಚೌಕ ಹಸಿರಾಗುತ್ತದೆ. ಬೇಗ ಒತ್ತಿದವರಿಗೆ ಮುಂದಿನ ಕೆಲಸ. ಆಫೀಸಿನ ಪ್ರೋಗ್ರಾಮನ್ನೇ ಕತ್ತರಿಸಿ ಮನೆಗೆ ಹೊಲಿದಿದ್ದ.

ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಕೇಳಿ ಕೇಳಿ ತಿಳಿದುಕೊಳ್ಳುವುದು ನನ್ನ ಸ್ವಭಾವವೋ ವೃತ್ತಿದೋಷವೋ, ನನಗೆ ಬಂದ ಮೊದಲ ಕೆಲಸಕ್ಕೇ ಪ್ರಶ್ನೆ ಕಳಿಸಿದೆ. ಡಾಕ್ಟರಮ್ಮ ಯಾವ ವಾರ ಬರಲು ಹೇಳಿದ್ದಾರೆ, ಅಮ್ಮನಿಗೆ ಬೆಳಿಗ್ಗೆ ಆದೀತೇ ಸಂಜೆಯೇ. ಉತ್ತರ ಬರುವಷ್ಟರಲ್ಲಿ ಆ್ಯಪ್ ನನ್ನನ್ನು ನಿಧಾನದವಳು ಎಂದು ತೀರ್ಮಾನಿಸಿ ಆ ಕೆಲಸವನ್ನು ಕಸಿದುಕೊಂಡು ತಮ್ಮನಿಗೆ ಕೊಟ್ಟಿತ್ತು. ಇನ್ನೆರಡು ಸಲ ಹೀಗಾಗುವಷ್ಟರಲ್ಲಿ ನನ್ನ ಫೋನಿಗೆ ಕೆಲಸ ಬರುವುದೇ ನಿಂತಿತು. ಅಣ್ಣನನ್ನು ಕೇಳಿದೆ. "ನಿನ್ನ ಚೌಕ ಯಾವಾಗ್ಲೂ ಹಳದಿ. ನೀನು ತಲೆ ಕೆಡಿಸ್ಕೋಬೇಡ, ವ್ಯವಸ್ಥೆ ಸರಿಯಾಗಿ ನಡೀತಿದೆ" ಎಂದ. ಅಣ್ಣನ ಪಾಲಿಗೂ ಏನೂ ಬರುತ್ತಿರಲಿಲ್ಲ. ಅವನು ಆಫೀಸಿನಲ್ಲಿದ್ದಾಗ ಫೋನನ್ನು ಲಾಕರಿನಲ್ಲಿಡಬೇಕು, ಹಾಗಾಗಿ ಅವನೂ ನಿಧಾನದವನೇ. ಅದರ ಬಗ್ಗೆ ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ.

ಎಲ್ಲವೂ ಹೋಗಿ ಬಿದ್ದದ್ದು ತಮ್ಮನ ಮೇಲೆ. ತಮ್ಮನ ಬಗ್ಗೆ ಎರಡು ಮಾತು ಸಾಕು. ಅವನು ಮನೆಯಲ್ಲೇ ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಕಂಪನಿಯ ಗಿರಾಕಿಗಳ ದೂರು ಕೇಳುತ್ತಾನೆ. ಗಿರಾಕಿ ಬಾಯಿ ತೆರೆಯುವ ಮೊದಲೇ "ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದ" ಎಂದು ಮುಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆ್ಯಪಿನಲ್ಲಿ ಕೆಲಸ ಬಂದ ಸದ್ದು ಕೇಳಿದೊಡನೆ, ಇನ್ನೊಂದು ಕೈಯಲ್ಲಿ ಟೀ ಕುಡಿಯುತ್ತಲೇ, ಗುಂಡಿ ಒತ್ತುತ್ತಿದ್ದ. ವಾರದ ಕೊನೆಗೆ ಆ್ಯಪ್ ಅವನಿಗೆ ನಕ್ಷತ್ರ ಕೊಡುತ್ತಿತ್ತು. ಅಣ್ಣ ಅದನ್ನು ಎಲ್ಲರಿಗೂ ತೋರಿಸಿ, "ಇವನನ್ನ ಮೈಗಳ್ಳ ಅಂತಿದ್ದೆ ಅಲ್ವಾ? ನೋಡು, ಮನೇನೇ ಹೆಗಲ ಮೇಲೆ ಹೊತ್ಕೊಂಡಿದ್ದಾನೆ" ಎಂದು ನನ್ನನ್ನು ಚುಚ್ಚುತ್ತಿದ್ದ. ನಾನು ಅಮ್ಮನಿಗೆ ಫೋನ್ ಮಾಡಿ ಡ್ರಾಪ್ಸ್ ಹಾಕುತ್ತಾನಾ ಎಂದು ಕೇಳಿದಾಗಲೆಲ್ಲ, "ಹ್ಞೂಂ, ಆಗ್ತಿದೆ" ಎನ್ನುತ್ತಿದ್ದಳು. ಜೊತೆಗೆ, "ಪಾಪ, ಎಲ್ಲಾ ಕೆಲಸಾನೂ ಅವನೊಬ್ಬನ ಮೇಲೇ ಬಿದ್ದಿದೆ" ಎಂದೂ ಸೇರಿಸುತ್ತಿದ್ದಳು. ಹೀಗೆ ಒಂದು ವರ್ಷ ದಾಟಿತು.

ಅದೇ ಹೊತ್ತಿನಲ್ಲಿ ಆಫೀಸಿನಲ್ಲೂ ಅಣ್ಣನಿಗೆ ಒಂದು ಮುದ್ದಿನ ಕೂಸು ಹುಟ್ಟಿತ್ತು. ಹಾಲಿನ ಕೊನೆಯ ಬೀರುವಿನ ಒಂದು ಯಂತ್ರ. ಅವನು ಅದನ್ನು ಮೂಲೆಯದು ಎಂದು ಕರೆಯುತ್ತಿದ್ದ. ಭಾನುವಾರ ಊಟಕ್ಕೆ ಕೂತರೆ ಮೂಲೆಯದರದೇ ಮಾತು. "ಬೇರೆಯವು ಒಂದು ತುಂಡು ಮುಗ್ಸೋಷ್ಟರಲ್ಲಿ ಮೂಲೆಯದು ನೂರು ಮುಗ್ಸುತ್ತೆ. ಅರ್ಧ ಕೆಲಸ ಅದೊಂದೇ ಮಾಡ್ತಿದೆ." ಅದರ ಬಾಗಿಲಿಗೆ ಬಣ್ಣದ ಕಾಗದದ ನಕ್ಷತ್ರವೊಂದನ್ನು ಅಂಟಿಸಿದ್ದನಂತೆ. ಅಂಥವೇ ಇನ್ನಷ್ಟು ಯಂತ್ರ ಕೊಳ್ಳಬೇಕೆಂದು ಮೇಲಿನವರಿಗೆ ಬರೆದಿದ್ದ. ಮೀಟಿಂಗಿನಲ್ಲಿ ಆ ಯಂತ್ರದ ಮೇಲೆ ಭಾಷಣವನ್ನೂ ಮಾಡಿದ. ಮನುಷ್ಯರ ಬಗ್ಗೆ ಅವನು ಅಷ್ಟು ಪ್ರೀತಿಯಿಂದ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಆಗ ಅವರ ಹತ್ತಿರ ಇದ್ದದ್ದು ಕಾರ್ಟೂನ್ ಸಿನಿಮಾದವರ ಕೆಲಸ. ಸಿನಿಮಾದ ಒಂದೊಂದು ಚಿತ್ರವೂ ಒಂದೊಂದು ತುಂಡು, ಯಂತ್ರಗಳು ಅವಕ್ಕೆ ಬೆಳಕು, ನೆರಳು, ಬಣ್ಣ ತುಂಬಿ ಕೊಡಬೇಕು. ಸಿನಿಮಾದವರು ಫೋನ್ ಮಾಡಿ, ಚಿತ್ರಗಳು ಪೂರ್ತಿ ಕಪ್ಪಾಗಿ ಬರುತ್ತಿವೆ ಎಂದು ದೂರಿದರು. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. "ಕತ್ತಲೆಯ ದೃಶ್ಯ ಇರ್ಬೇಕು ನೋಡಿ" ಎಂದ. ಮತ್ತೆ ಫೋನ್ ಮಾಡಿದಾಗ ನಿಮ್ಮ ಕಂಪ್ಯೂಟರಿನ ಪರದೆ ಒರೆಸಿ ನೋಡಿ ಎಂದ. ಮೂರನೆಯ ಸಲ ಅವರು ಫೋನ್ ಮಾಡಲಿಲ್ಲ, ನೇರವಾಗಿ ಬಂದು ಅಣ್ಣನ ಮೇಲಿನವರ ಮುಂದೆ ಕೂತರು. ಆಗ ಇವನು ಹೋಗಿ ಮೂಲೆಯದರ ಹೊಟ್ಟೆ ಬಗೆದು ನೋಡಿದ.

ಮುಂದಿನ ಭಾನುವಾರ ನಾನು ಅಮ್ಮನನ್ನು ನೋಡಲು ಹೋಗಿದ್ದೆ. ಅಮ್ಮ ಕಿಟಕಿಯ ಪಕ್ಕ ಕೂತು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡಿದ್ದಳು. ನಾನು ಮಾತಾಡಿದ ಮೇಲೆ ತಲೆಯೆತ್ತಿ, ಇಡೀ ಮುಖವನ್ನು ನನ್ನ ಕಡೆ ತಿರುಗಿಸಿ, "ಬಂದ್ಯಾ, ಒಳ್ಳೇದಾಯ್ತು. ಇದು ನಿಮ್ಮ ಪ್ರೆಸ್ಸಿನವರದ್ದಾ ನೋಡು. ಕರಡು ತಿದ್ದಿದವರು ನಿದ್ದೆ ಮಾಡ್ತಿದ್ರಾ ಏನೋ. ಪ್ರತಿ ಸಾಲಿನಲ್ಲೂ ಮೊದಲ ಅಕ್ಷರ ಬಿಟ್ಟೋಗಿದೆ" ಎಂದಳು. ನಾನು ಪುಸ್ತಕ ತೆಗೆದುಕೊಂಡು ನೋಡಿದೆ. ನಾಲ್ಕಾರು ಪುಟ ತಿರುವಿದೆ. ಅಕ್ಷರಗಳೆಲ್ಲ ಇದ್ದವು. ಒಂದೂ ಬಿಟ್ಟುಹೋಗಿರಲಿಲ್ಲ. ನನಗೆ ಏನೋ ಕಸಿವಿಸಿಯಾಯಿತು, ಅಷ್ಟರಲ್ಲಿ ಅಣ್ಣ ಊಟಕ್ಕೆ ಕರೆದ.

ಊಟಕ್ಕೆ ಕೂತ ಕೂಡಲೇ ಅಣ್ಣ ಶುರುಮಾಡಿದ. ಎರಡು ದಿನದ ಹಿಂದೆ ಮೇಲಿನವರಿಂದ ಮುಖಕ್ಕೆ ಮಂಗಳಾರತಿ ಮಾಡಿಸಿಕೊಂಡು ಬಂದವನು, ಅದನ್ನು ತನ್ನ ಇನ್ನೊಂದು ಸಾಧನೆಯಾಗಿ ಬದಲಾಯಿಸಿಕೊಂಡಿದ್ದ. "ಯಾರಿಗೂ ಹೊಳೀಲಿಲ್ಲ, ನಾನು ಕಂಡುಹಿಡಿದೆ. ಮೂಲೆಯದರ ಡಿಸ್ಕ್ ಪೂರ್ತಿ ತುಂಬಿಹೋಗಿತ್ತು. ತುಂಡು ಬಂದ್ರೆ ಇಟ್ಕೊಳ್ಳೋಕೆ ಜಾಗ ಇಲ್ಲ. ಹಾಗಾಗಿ ತುಂಡು ಬಂದ ತಕ್ಷಣ ಕೈಚೆಲ್ಲಿ ಮುಗೀತು ಅನ್ನುತ್ತೆ. ಕೆಲಸ ಮಾಡೋವು ಹೊತ್ತು ತಗೊಳ್ತವೆ, ಇದು ಮಾಡೋದೇ ಇಲ್ವಲ್ಲ, ಕಣ್ಣು ಮಿಟುಕಿಸೋಷ್ಟರಲ್ಲಿ ಮುಗೀತು. ಮುಗೀತು ಅಂದ ಕಾರಣಕ್ಕೆ ಅದಕ್ಕೇ ಮುಂದಿನದು. ಅದನ್ನೂ ಕೈಚೆಲ್ಲುತ್ತೆ, ಮತ್ತೊಂದು ಹೋಗುತ್ತೆ. ಹೀಗೆ ಸಿನಿಮಾದ ಅರ್ಧ ಅದರ ಹೊಟ್ಟೆಗೇ ಹೋಗಿದೆ. ಒಳ್ಳೆ ಯಂತ್ರಗಳೆಲ್ಲ ಕೆಲಸ ಇಲ್ದೆ ಹಳದಿಯಾಗಿ ಕೂತಿವೆ." ಅವನು ಬೆರಳು ನೆಕ್ಕಿಕೊಂಡು ನಕ್ಕ. "ಹೆಂಗಿದೆ? ಏನೂ ಮಾಡ್ದೇ ಇರೋದೇ ಎಲ್ಲಕ್ಕಿಂತ ಚುರುಕು."

ಅಮ್ಮ ನಕ್ಕಳು. ತಮ್ಮ ನಗಲಿಲ್ಲ. ತಟ್ಟೆಯೊಳಗೆ ಏನೋ ಹುಡುಕುವವನಂತೆ ತಲೆ ತಗ್ಗಿಸಿಕೊಂಡ. ನಾನು ಅವನನ್ನೇ ನೋಡುತ್ತಿದ್ದೆ.

"ಅಣ್ಣ, ಅಮ್ಮನ ಕಣ್ಣಿಗೆ ಡ್ರಾಪ್ಸ್ ಯಾರು ಹಾಕ್ತಿದ್ದಾರೆ?" ಎಂದು ಕೇಳಿದೆ.

"ಇನ್ಯಾರು, ಇವನೇ." ಎಡಗೈಯಲ್ಲಿ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದ. "ನೋಡು, ಒಂದು ಹೊತ್ತೂ ತಪ್ಪಿಲ್ಲ. ಎಲ್ಲಾ ಹಸಿರು."

"ನೀನು ಕಣ್ಣಾರೆ ನೋಡಿದ್ದೀಯಾ?"

"ನಾನ್ಯಾಕೆ ನೋಡ್ಲಿ? ಅದಕ್ಕೇ ತಾನೇ ಇದನ್ನ ಮಾಡಿರೋದು."

ಕೂದಲೆಳೆಯಷ್ಟು ದೂರದಲ್ಲಿ ಸತ್ಯ ಕೂತಿದೆ, ಈಗಷ್ಟೇ ತನ್ನ ಬಾಯಿಂದಲೇ ಅದನ್ನು ಉಪ್ಪುಖಾರ ಹಚ್ಚಿ ಹೇಳಿ ಮುಗಿಸಿದ್ದಾನೆ, ಆದರೂ ಆ ಮಹಾಶಯನಿಗೆ ಹೊಳೆಯಲಿಲ್ಲ. ನಾನು ಊಟ ಬಿಟ್ಟು ಎದ್ದು ಹೋಗಿ ಅಮ್ಮನ ಮಂಚದ ಪಕ್ಕದ ಗೂಡಿನಿಂದ ಡ್ರಾಪ್ಸ್ ಬಾಟಲಿ ತಂದೆ. ತೆರೆದು ಒಂದು ತಿಂಗಳಾದರೆ ಬಿಸಾಡಬೇಕಾದ ಬಾಟಲಿ. ಕಳೆದ ವರ್ಷ ನಾನೇ ಅಂಗಡಿಯಲ್ಲಿ ಕೊಂಡುಕೊಟ್ಟದ್ದೇ ಅದು, ಅಂಗಡಿಯ ಚೀಟಿಯೂ ಅಂಟಿಕೊಂಡೇ ಇತ್ತು. ಇನ್ನೂ ಅರ್ಧ ಇತ್ತು. ಅದನ್ನು ಅಣ್ಣನ ತಟ್ಟೆಯ ಪಕ್ಕ ಇಟ್ಟೆ. ಅವನು ಬಾಟಲಿ ನೋಡಿದ, ಫೋನ್ ನೋಡಿದ, ಎರಡರಲ್ಲಿ ಯಾವುದನ್ನು ನಂಬಬೇಕೆಂದು ಗೊತ್ತಾಗದವನಂತೆ ಮತ್ತೆ ಫೋನ್ ನೋಡಿದ.

ತಮ್ಮನಿಗೆ ಆಗ ಬಾಯಿ ಬಂತು. "ಹಾಕ್ಕೋ ಅಮ್ಮ ಅಂತ ಕೂತಲ್ಲಿಂದ್ಲೇ ಕೂಗಿ ಹೇಳ್ತಿದ್ದೆ ತಾನೇ? ಹೇಳಿದ್ದೀನಾ ಇಲ್ವಾ ಕೇಳಿ. ಫೋನ್ ಕಾಲ್ ಮಧ್ಯೆ ಎದ್ದು ಬರೋಕಾಗುತ್ತಾ? ಎಲ್ಲಾ ಕೆಲಸ ನನಗೊಬ್ಬನಿಗೇ ಬರ್ತಿತ್ತು." ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಹೊಸ ಬಾಟಲಿ ತರುವುದು ಇವೂ ಹೀಗೆಯೇ ಹಸಿರಾಗಿದ್ದವು. ಅಮ್ಮ ಮಧ್ಯೆ ಬಾಯಿ ಹಾಕಿದಳು. "ಹೇಳ್ತಿದ್ದ, ಹೇಳ್ತಿದ್ದ. ನಾನೂ ಹಾಕ್ಕೊಳ್ಳೋಕೆ ನೋಡ್ತಿದ್ದೆ. ಕೆನ್ನೆ ಮೇಲೇ ಬೀಳ್ತಿತ್ತು. ಬಿಡು, ಕಣ್ಣು ನೋವೇನೂ ಇಲ್ಲ ನಂಗೆ." ನನಗೆ ಆ ಹೊತ್ತಿನಲ್ಲಿ ಬಂದ ಸಿಟ್ಟಿಗೆ ತಮ್ಮನ ಕಪಾಳಕ್ಕೆ ಬಾರಿಸಬೇಕಿತ್ತು. ಆದರೆ ಡಿಸ್ಕ್ ತುಂಬಿದ ಯಂತ್ರದ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು? ಅದಕ್ಕೆ ನಕ್ಷತ್ರ ಅಂಟಿಸಿದವನ ಮೇಲೆ ನನ್ನ ಸಿಟ್ಟು.

ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋದೆವು. ಅಮ್ಮನ ಗದ್ದವನ್ನು ಯಂತ್ರದ ಮೇಲಿಟ್ಟು, ಚುಕ್ಕೆ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅಮ್ಮ ಗುಂಡಿ ಒತ್ತಿದ್ದು ಬಹಳ ಕಡಿಮೆ. ಡಾಕ್ಟರಮ್ಮ ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದರು. "ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲೂ ಮೂಗಿನ ಕಡೆಯ ಭಾಗ ಹೋಗಿದೆ. ಅಂದ್ರೆ ಅವರ ಎಡಗಡೆ ಇರೋದು ಯಾವುದೂ ಅವರಿಗೆ ಕಾಣ್ತಿಲ್ಲ. ಹೋದ ಸಲ ಇಷ್ಟಿರಲಿಲ್ಲ. ಡ್ರಾಪ್ಸ್ ಯಾರು ಹಾಕ್ತಿದ್ರಿ?"

ಅಣ್ಣ ಫೋನ್ ಮುಂದೆ ಹಿಡಿದ. ದೇವರಾಣೆ, ಹಿಡಿದ. ಅಲ್ಲಿಯೂ ಅದನ್ನು ತೋರಿಸಬಹುದು ಎನ್ನಿಸಿತಲ್ಲ ಅವನಿಗೆ. ಹಸಿರು ಚೌಕಗಳು ಮೇಲಿಂದ ಕೆಳಗಿನವರೆಗೆ ಹರಡಿಕೊಂಡಿದ್ದವು. ಡಾಕ್ಟರಮ್ಮ ಫೋನಿನ ಕಡೆ ನೋಡಲೇ ಇಲ್ಲ. ಹೊಸ ಔಷಧಿ ಬರೆದುಕೊಟ್ಟು, ಉಳಿದಿರುವ ಚೂರನ್ನಾದರೂ ಉಳಿಸಿಕೊಳ್ಳಿ ಎಂದು ನನಗೆ ಹೇಳಿ ಒಳಗೆ ಹೋದರು.

ಇಷ್ಟಾದ ಮೇಲೆ ಅಣ್ಣ ಏನು ಕಡಿದು ಕಟ್ಟೆ ಹಾಕಿದ ಅಂತೀರಾ? ಆ್ಯಪ್ ತಿದ್ದಿದ. ಇನ್ನು ಮುಂದೆ ಬರೇ ಗುಂಡಿ ಒತ್ತಿದರೆ ಸಾಲದು, ಹನಿ ಹಾಕುತ್ತಿರುವ ಫೋಟೋ ಕಳಿಸಬೇಕು. ಮೂಲೆಯದಕ್ಕೂ ಹೀಗೇ ಮಾಡಿದೆ, ಈಗ ಮುಗಿಯಿತು ಎಂದರೆ ಏನು ಮುಗಿಯಿತು ಎಂದು ತೋರಿಸಬೇಕು ಎಂದು ನನಗೇ ಪಾಠ ಹೇಳಲು ಬಂದ. ನಾನು ಅವನ ಎದುರಿಗೇ ನನ್ನ ಫೋನಿನಿಂದ ಆ್ಯಪ್ ಕಿತ್ತುಹಾಕಿದೆ. ಪ್ರೆಸ್ಸಿನಲ್ಲಿ ಹೇಳಿ ಕೆಲಸಕ್ಕೆ ಹೋಗುವ ಹೊತ್ತು ತಡಮಾಡಿಕೊಂಡೆ. ಬೆಳಿಗ್ಗೆ ಎರಡು ಬಸ್ಸು ಹಿಡಿದು ಬಂದು ಒಂದು ಹನಿ ಹಾಕುತ್ತೇನೆ. ಸಂಜೆ ನಾನು ಹಾಕಿ ಹೋಗುತ್ತೇನೆ, ನನಗಾಗದ ದಿನ ನನ್ನ ಗಂಡ ಬಂದು ಹಾಕುತ್ತಾನೆ. ಅಣ್ಣ ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಗೋಡೆಯ ಆಚೆ ಮಲಗಿಕೊಂಡು, ಒಂದು ಸಲವೂ ಆ ಬಾಟಲಿಯನ್ನು ಕೈಯಲ್ಲಿ ಹಿಡಿಯಲಿಲ್ಲ. ಹಿಡಿದರೆ ತನ್ನ ವ್ಯವಸ್ಥೆ ಸೋತಿತೆಂದು ಒಪ್ಪಿಕೊಂಡಂತೆ ಆಗುತ್ತದೆಂದು ಅವನ ಭಯ. ಅವನಿಗೆ ನಾಚಿಕೆಯಾಗಿದೆ ಎಂದು ನನ್ನ ಗಂಡ ಹೇಳುತ್ತಾನೆ. ನನಗೆ ಅದು ಕಂಡಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಹೋದಾಗ ಅಮ್ಮ ಕುರ್ಚಿಯಲ್ಲಿರಲಿಲ್ಲ. ನಡುಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಒಂದು ಕೈ ಗೋಡೆ ಸವರುತ್ತಿತ್ತು. ಹಾಗೇ ನಡೆದು ಅಡುಗೆಮನೆಯ ಬಾಗಿಲು ಮುಟ್ಟಿ, ತಿರುಗಿ, ಕುರ್ಚಿಯ ತನಕ ಬಂದು, ಸೀಟನ್ನು ತಡವಿ ಕೂತಳು. ಕೂತ ಮೇಲೆ ಕಣ್ಣು ಬಿಟ್ಟಳು. ನಾನು ಅವಳ ಬಲಗಡೆಗೆ ಹೋಗಿ ನಿಂತು, ಇದೇನು ಮಾಡ್ತಿದ್ದೀಯ ಎಂದೆ.

"ಅಭ್ಯಾಸ ಮಾಡ್ಕೋತಿದ್ದೀನಿ." ನಾನು ಅವಳ ತಲೆ ಹಿಂದಕ್ಕೆ ವಾಲಿಸಿ ರೆಪ್ಪೆ ಎಳೆದು ಹನಿ ಹಾಕಿದೆ. ಆಗಲೇ ಅಣ್ಣ ಆಫೀಸಿಗೆ ಹೊರಟು ಕೋಣೆಯಿಂದ ಬಂದ. ಬೂಟು ಹಾಕಿರಲಿಲ್ಲ, ಸದ್ದಾಗಲಿಲ್ಲ. ಕುರ್ಚಿಯ ಎಡಗಡೆ, ಅಮ್ಮ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತ. ಏನೋ ಹೇಳಲು ಬಾಯಿ ತೆರೆದವನು, ಅಮ್ಮ ಮಾತು ಶುರುಮಾಡಿದ್ದು ಕಂಡು ತಡೆದ.

"ಅವನು ಹೊರಟುಹೋದ್ನಾ?" ಎಂದು ಅಮ್ಮ ನನ್ನನ್ನು ಕೇಳಿದಳು. ಉತ್ತರಕ್ಕೆ ಕಾಯದೆ ದನಿ ತಗ್ಗಿಸಿ ಹೇಳತೊಡಗಿದಳು. "ಹೋಗಿರ್ತಾನೆ ಬಿಡು. ನೋಡು, ನೀನು ಅವನ ಮುಂದೆ ಈ ಕಣ್ಣಿನ ಮಾತು ಎತ್ತಿ ಎತ್ತಿ ಆಡ್ಬೇಡ. ಚಿಕ್ಕೋನಿದ್ದಾಗಿಂದ ಹಂಗೇ ಅವನು, ತನ್ನ ಲೆಕ್ಕ ತಪ್ಪಾಯ್ತು ಅಂದ್ರೆ ಊಟ ಬಿಟ್ಟುಬಿಡ್ತಾನೆ. ಬಲಗಣ್ಣು ಇನ್ನೂ ಮಂಜಾಗ್ತಿದೆ, ನಂಗೊತ್ತು, ನಿನಗೂ ಹೇಳಿರ್ಲಿಲ್ಲ. ಪೂರ್ತಿ ಹೋದ್ರೂ ಅವನಿಗೆ ಗೊತ್ತಾಗದ ಹಾಗೆ ಓಡಾಡ್ಕೊಂಡಿರ್ಬೇಕು. ಮನೆ ಕೈಗೆ ಸಿಕ್ಕಿಬಿಟ್ರೆ ಸಾಕು. ಪುಸ್ತಕ ತೆರ್ಕೊಂಡು ಕೂತಿರ್ತೀನಿ, ಆಗಾಗ ಪುಟ ತಿರುವಿದ್ರಾಯ್ತು. ಅವನು ಎಲ್ಲಿ ಹತ್ರ ಬಂದು ನೋಡ್ತಾನೆ?"

ಅಣ್ಣನ ಬಾಯಿ ಇನ್ನೂ ತೆರೆದೇ ಇತ್ತು. ಅಮ್ಮನ ಎಡಗಣ್ಣಿನಿಂದ ಔಷಧಿಯ ನೀರು ಕೆನ್ನೆಗಿಳಿದು ಕುತ್ತಿಗೆಯತ್ತ ಹರಿಯುತ್ತಿತ್ತು, ಅವನು ಅದನ್ನೇ ನೋಡುತ್ತಿದ್ದ. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಅಮ್ಮನ ಕಣ್ಣಿಗೆ ಬೀಳುತ್ತಿದ್ದ. ಇಡಲಿಲ್ಲ. ಅವನು ಇಲ್ಲೇ ಇದ್ದಾನೆ ಎಂದು ನಾನೂ ಅಮ್ಮನಿಗೆ ಹೇಳಲಿಲ್ಲ.